ಕಂಪನಿ ನಾಟಕದ ಕಾಲುಪೆಟ್ಟಿಗೆ

ಮೂಕಿಚಿತ್ರಗಳ ಕಾಲದಲ್ಲಿ ಪಾಶ್ಚಾತ್ಯ ಚಿತ್ರಮಂದಿರಗಳಿಗೆಂದೇ ದೈತ್ಯಾಕಾರದ ಕೊಳವೆ ಆರ್ಗನ್ನುಗಳು ನಿರ್ಮಾಣವಾದವು. ಇಂಗ್ಲೆಂಡಿನ ರಾಬರ್ಟ್ ಹೋಪ್-ಜೋನ್ಸ್ ಕೀಲಿಮಣೆಗೂ ಕೊಳವೆಗಳಿಗೂ ನಡುವಣ ವಿದ್ಯುತ್ ಸಂಪರ್ಕವನ್ನು ಸುಧಾರಿಸಿ, 1910ರಲ್ಲಿ ಅಮೆರಿಕದ ವುರ್ಲಿಟ್ಜರ್ ಕಂಪನಿಯನ್ನು ಸೇರಿದನು. ವಾದಕನ ಪೀಠವು ಕೊಳವೆಗಳಿಂದ ದೂರವಿದ್ದರೂ ಅಡ್ಡಿಯಿಲ್ಲವಾಯಿತು. 1932ರಲ್ಲಿ ಆರಂಭವಾದ ನ್ಯೂಯಾರ್ಕಿನ ರೇಡಿಯೋ ಸಿಟಿ ಸಭಾಂಗಣದಲ್ಲಿ ಒಂದೇ ವಾದ್ಯಕ್ಕೆ ಎರಡು ಪೀಠಗಳಿವೆ.

ಇದನ್ನೇಕೆ ಹೇಳಿದೆನೆಂದರೆ, ನಮ್ಮ ಕನ್ನಡ ರಂಗಭೂಮಿಗೂ ತನ್ನದೇ ಆದ ಆರ್ಗನ್ ಇತ್ತು. ಅದುವೇ ಕಾಲು ಹಾರ್ಮೋನಿಯಂ. ಕೊಳವೆಗಳ ಬದಲು ಹಿತ್ತಾಳೆಯ ರೀಡುಗಳು. ವಿದ್ಯುತ್ತಿನ ಬದಲು ವಾದಕನ ಎರಡು ಪಾದಗಳು. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ 1840ರ ದಶಕದಲ್ಲಿ ರೂಪಿಸಿದ ಹಾರ್ಮೋನಿಯಂ ಕೂಡ ಕಾಲಿನಿಂದ ಒತ್ತುವಂಥದೇ. ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ಆ ಬಳಿಕ ಜನಪ್ರಿಯಗೊಳಿಸಿದರು.

ಕೈಪೆಟ್ಟಿಗೆಯಲ್ಲಿ ಒಂದು ಕೈ ತಿದಿಗೆ ಮೀಸಲು. ಕಾಲುಪೆಟ್ಟಿಗೆಯಲ್ಲಾದರೋ ಎರಡೂ ಕೈಗಳು ಸ್ವರಕ್ಕೆ ಬಿಡುವಾಗುತ್ತವೆ, ಗಾಳಿಯ ಒತ್ತಡವೂ ಹೆಚ್ಚು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ನಟರು ಏರು ಶ್ರುತಿಯಲ್ಲಿ ಹಾಡಿ ಕಡೆಯ ಸಾಲಿನವರಿಗೂ ಕೇಳಿಸಬೇಕಾಗಿತ್ತು. ಅಂಥ ಕಂಠಕ್ಕೆ ಆಸರೆಯಾಗಿ ನಿಲ್ಲಬಲ್ಲ ನಾದ ಇದಕ್ಕಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಆರಂಭಿಸಿದ ಮರಾಠಿ ಸಂಗೀತ ನಾಟಕದ ಪರಂಪರೆಯಲ್ಲಿಯೂ, 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯಂಥ ನಮ್ಮ ಮಂಡಳಿಗಳಲ್ಲಿಯೂ ಈ ವಾದ್ಯ ಬೇರೂರಿತು. ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮಾಸ್ತರರೇ ಹಲವೆಡೆ ಹಾಡು ಕಲಿಸುವ ಗುರುಗಳು. ನಟ ಶ್ರುತಿ ತಪ್ಪಿದರೆ ಎತ್ತಿಕೊಡುವವರೂ ಅವರೇ.

ಆದರೂ ವಿದ್ವಾಂಸರಲ್ಲಿ ಅನೇಕರು ಈ ವಾದ್ಯವನ್ನು ಒಪ್ಪಲಿಲ್ಲ. ಸ್ವರಸ್ಥಾನಗಳು ಸ್ಥಿರ, ಗಮಕಕ್ಕೆ ಎಡೆಯಿಲ್ಲ ಎಂಬುದು ಅವರ ಆಕ್ಷೇಪ. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನೇ ನಿಷೇಧಿಸಿತು. ಅದು ಸಡಿಲಗೊಂಡುದು 1971ರಲ್ಲಿ. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಗಮಕ ತೋರಬೇಕಾದುದು ನಟನ ಕಂಠ. ಪೆಟ್ಟಿಗೆಯ ಕೆಲಸ ಆ ಕಂಠವನ್ನು ಕೈಬಿಡದಿರುವುದು. ಆ ಕೆಲಸವನ್ನು ಅದು ನಿಷ್ಠೆಯಿಂದ ಮಾಡಿತು. ಸಾವಿರಾರು ಹಳ್ಳಿಗರ ಕಿವಿಗೆ ರಾಗಗಳ ಪರಿಚಯವಾದುದು ಸಭೆಗಳಿಂದಲ್ಲ, ನಾಟಕದ ಡೇರೆಗಳಿಂದ.

1934ರಲ್ಲಿ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡಿತು. ಮುಂದೆ ಧ್ವನಿವರ್ಧಕ, ವಿದ್ಯುತ್ ಕೀಬೋರ್ಡುಗಳು ಬಂದವು. ಪಾದದ ಶ್ರಮ ಬೇಡವಾದಾಗ ಕಾಲುಪೆಟ್ಟಿಗೆ ಮೂಲೆ ಸೇರಿತು.

ನಮ್ಮ ಬಾಳ್ಳುಪೇಟೆ, ಆಲೂರು, ಸಕಲೇಶಪುರದ ಕಡೆ ಮಳೆಗಾಲದ ತೇವಕ್ಕೆ ಮರ ಉಬ್ಬುತ್ತದೆ, ತಿದಿ ಬೂಸ್ಟು ಹಿಡಿಯುತ್ತದೆ. ಹಾಗೆಂದು ವಾದ್ಯ ಸತ್ತಿತೆಂದು ತಿಳಿಯಬಾರದು. ತಿದಿಯನ್ನು ಹೊಸದಾಗಿ ಹೊಲಿಸಬಹುದು, ರೀಡುಗಳನ್ನು ಶುಚಿಗೊಳಿಸಿ ಶ್ರುತಿಗೆ ತರಬಹುದು. ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ನಿಮ್ಮ ಯಾರ ಮನೆಯ ಅಟ್ಟದಲ್ಲಾದರೂ ಅಂಥದೊಂದು ಪೆಟ್ಟಿಗೆಯಿದ್ದರೆ ಹಿತ್ತಾಳೆಯ ಆಸೆಗೆ ಗುಜರಿಗೆ ಕೊಡಬೇಡಿ. ಅದನ್ನು ನುಡಿಸಿದ್ದವರ ಹೆಸರನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಪೆಟ್ಟಿಗೆಯನ್ನು ಮುಂದೆಯೂ ರಿಪೇರಿ ಮಾಡಿಸಬಹುದು. ಹೆಸರು ಹೇಳಬಲ್ಲವರು ಕಾಯುವುದಿಲ್ಲ.