ಮೂವತ್ತಕ್ಕೇ ಮುಪ್ಪೆಂದರು

1965ರ ಡಿಸೆಂಬರ್ 9ರಂದು ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ಪಟ್ಟಣದಲ್ಲಿ ಬ್ರಾಂಚ್ ರಿಕಿ ಕಣ್ಣುಮುಚ್ಚಿದರು. ಜಾಕಿ ರಾಬಿನ್ಸನ್‌ರನ್ನು ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಕರೆತಂದು ಬೇಸ್‌ಬಾಲಿನ ವರ್ಣಭೇದದ ಗೋಡೆಯನ್ನು ಕೆಡವಿದ ಆಡಳಿತಗಾರ ಅವರು. ಆಟಗಾರನನ್ನು ಒಂದು ವರ್ಷ ತಡವಾಗಿ ಬಿಟ್ಟುಕೊಡುವುದಕ್ಕಿಂತ ಒಂದು ವರ್ಷ ಮೊದಲೇ ಬಿಟ್ಟುಕೊಡುವುದು ಲೇಸೆಂಬ ನೀತಿಯೂ ಅವರ ಹೆಸರಿನಲ್ಲೇ ಪ್ರಚಲಿತವಾಗಿತ್ತು. ಅವರು ತೀರಿಕೊಂಡ ಅದೇ ದಿನ, ಅವರ ಗರಡಿಯಲ್ಲೇ ಪಳಗಿದ ಬಿಲ್ ಡಿವಿಟ್ ಆ ನೀತಿಯನ್ನು ಶಿರಸಾವಹಿಸಿ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಸಿನ್ಸಿನಾಟಿ ರೆಡ್ಸ್ ತಂಡದ ಒಡೆಯರಾಗಿದ್ದ ಡಿವಿಟ್ ತಮ್ಮ ಮಹಾದಾಂಡಿಗ ಫ್ರಾಂಕ್ ರಾಬಿನ್ಸನ್‌ರನ್ನು ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕೆ ಕೊಟ್ಟು, ಪ್ರತಿಯಾಗಿ ಮೂವರನ್ನು ಪಡೆದರು: ಪಿಚರ್, ಅಂದರೆ ಚೆಂಡೆಸೆಯುವ ಆಟಗಾರ, ಮಿಲ್ಟ್ ಪಾಪಸ್, ಇನ್ನೊಬ್ಬ ಪಿಚರ್ ಜ್ಯಾಕ್ ಬಾಲ್ಡ್‌ಶುನ್ ಮತ್ತು ಡಿಕ್ ಸಿಂಪ್ಸನ್ ಎಂಬ ತರುಣ ಹೊರಾಂಗಣ ಆಟಗಾರ.

ಆ ಕಾಲದ ವ್ಯವಸ್ಥೆಯನ್ನು ಇಲ್ಲಿ ಹೇಳಲೇಬೇಕು. ಅಂದಿನ ಬೇಸ್‌ಬಾಲಿನಲ್ಲಿ ಹರಾಜಿರಲಿಲ್ಲ; ಆಟಗಾರನಿಗೆ ತಂಡವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಇರಲಿಲ್ಲ. ಒಮ್ಮೆ ಸಹಿ ಹಾಕಿದವನ ಮೇಲೆ ತಂಡಕ್ಕೆ ವರ್ಷದಿಂದ ವರ್ಷಕ್ಕೆ ಹಕ್ಕು ಉಳಿಯುತ್ತಿತ್ತು. ಹತ್ತು ವರ್ಷ ಬೆವರು ಸುರಿಸಿದ ಊರಿನಿಂದ ಇನ್ನೊಂದು ಊರಿಗೆ ಅವನನ್ನು ಕಳಿಸಲು ಅವನ ಒಪ್ಪಿಗೆ ಬೇಕಿರಲಿಲ್ಲ. ಆ ಕಟ್ಟು ಸಡಿಲವಾದದ್ದು ಇನ್ನೂ ಹತ್ತು ವರ್ಷಗಳ ನಂತರ.

ಹಾಗೆ ಕಳಿಸಲ್ಪಟ್ಟವರು ಸಾಮಾನ್ಯರಲ್ಲ. ಟೆಕ್ಸಾಸ್‌ನ ಬೋಮಾಂಟ್‌ನಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ ಬೆಳೆದ ಫ್ರಾಂಕ್ ರಾಬಿನ್ಸನ್ 1956ರಲ್ಲಿ, ಇನ್ನೂ ಇಪ್ಪತ್ತರ ಪ್ರಾಯದಲ್ಲಿ, ರೆಡ್ಸ್ ಪರ ಕಣಕ್ಕಿಳಿದು ಮೊದಲ ವರ್ಷವೇ 38 ಹೋಮ್ ರನ್ ಬಾರಿಸಿ ಹೊಸಬರ ದಾಖಲೆಯನ್ನು ಸರಿಗಟ್ಟಿದರು. ಹೋಮ್ ರನ್ ಎಂದರೆ ನಮ್ಮ ಕ್ರಿಕೆಟಿನ ಸಿಕ್ಸರ್ ಇದ್ದಂತೆ. ಆದರೆ ಅಲ್ಲಿ ಅದು ಅಷ್ಟು ಸುಲಭಕ್ಕೆ ದಕ್ಕುವುದಿಲ್ಲ, ವರ್ಷಕ್ಕೆ ಮೂವತ್ತು ಹೊಡೆದವನು ಮಹಾಬಲ. 1961ರಲ್ಲಿ ರೆಡ್ಸ್ ನ್ಯಾಷನಲ್ ಲೀಗ್ ಗೆದ್ದಾಗ ಲೀಗಿನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಅವರದಾಯಿತು. ಅವರು ನಿಲ್ಲುತ್ತಿದ್ದ ಭಂಗಿಯೇ ಒಂದು ಸವಾಲು. ಚೆಂಡು ಹಾದುಹೋಗುವ ತಟ್ಟೆಗೆ ಅಂಟಿಕೊಂಡಂತೆ ನಿಂತು, ತಲೆಯನ್ನೇ ಅದರ ಮೇಲೆ ಚಾಚುತ್ತಿದ್ದರು. ಹೆದರಿಸಿ ಹಿಂದೆ ಸರಿಸಲು ಪಿಚರ್‌ಗಳು ಮೈಮೇಲೆಯೇ ಎಸೆಯುತ್ತಿದ್ದರು. ಪೆಟ್ಟು ತಿಂದು ಬಿದ್ದವರು ಎದ್ದು, ಧೂಳು ಕೊಡವಿ, ಮತ್ತೆ ಅದೇ ಜಾಗದಲ್ಲಿ ತಲೆ ಚಾಚಿ ನಿಲ್ಲುತ್ತಿದ್ದರು. ಮೊದಲ ವರ್ಷದಲ್ಲೇ ಇಪ್ಪತ್ತು ಬಾರಿ ಹೀಗೆ ಪೆಟ್ಟು ತಿಂದರು.

ಇಂಥವರನ್ನು ಕೈಬಿಡಲು ಡಿವಿಟ್‌ಗೆ ಕಾರಣಗಳಿರಲಿಲ್ಲವೆಂದಲ್ಲ. ಚರಿತ್ರೆಕಾರರು ಅವರಿಗೆ ಈ ನ್ಯಾಯವನ್ನಾದರೂ ಸಲ್ಲಿಸಬೇಕು. 1965ರಲ್ಲಿ ರೆಡ್ಸ್ ತಂಡ ಲೀಗಿನಲ್ಲೇ ಅತಿ ಹೆಚ್ಚು ರನ್ ಗಳಿಸಿಯೂ ನಾಲ್ಕನೆಯ ಸ್ಥಾನಕ್ಕಿಳಿದಿತ್ತು. ಜಿಮ್ ಮಲೋನಿ, ಸ್ಯಾಮಿ ಎಲಿಸ್ ಎಂಬಿಬ್ಬರು ತಲಾ ಕನಿಷ್ಠ ಇಪ್ಪತ್ತು ಪಂದ್ಯ ಗೆದ್ದುಕೊಟ್ಟಿದ್ದರೂ, ಅವರ ಹಿಂದೆ ನಿಲ್ಲುವ ಗಟ್ಟಿ ಪಿಚರ್‌ಗಳ ಕೊರತೆ ಎದ್ದು ಕಾಣುತ್ತಿತ್ತು. ದಾಂಡಿಗರಿಗೇನೂ ಬರವಿರಲಿಲ್ಲ. ಡೆರಾನ್ ಜಾನ್ಸನ್ ಆ ವರ್ಷ ತಮ್ಮ ಹೊಡೆತಗಳಿಂದ 130 ರನ್‌ಗಳನ್ನು ಮನೆ ಸೇರಿಸಿದ್ದರು. ಪೀಟ್ ರೋಸ್, ವೇಡಾ ಪಿನ್ಸನ್ ಇದ್ದರು. ಟೋನಿ ಪೆರೆಸ್ ಮೇಲೇರುತ್ತಿದ್ದರು. ಹೆಚ್ಚಿರುವುದನ್ನು ಕೊಟ್ಟು ಇಲ್ಲದ್ದನ್ನು ತರುವುದು ಯಾವ ವ್ಯಾಪಾರಿಗೂ ಒಪ್ಪುವ ಮಾತು. ಪಾಪಸ್ ಕೂಡ ಕಳಪೆ ಆಟಗಾರರಲ್ಲ. ಇಪ್ಪತ್ತಾರು ವರ್ಷಕ್ಕೇ ಬಾಲ್ಟಿಮೋರ್‌ಗೆ 110 ಗೆಲುವು ತಂದುಕೊಟ್ಟಿದ್ದವರು. ಆಟ ಮುಗಿಸುವ ಹೊತ್ತಿಗೆ ಅವರ ಗೆಲುವುಗಳು 209.

ಆದ್ದರಿಂದ ಪಿಚರ್ ಬೇಕೆಂಬ ಲೆಕ್ಕ ತಪ್ಪಲ್ಲ. ತಪ್ಪಿದ್ದು ರಾಬಿನ್ಸನ್‌ರನ್ನು ತೂಗಿದ ಬಗೆಯಲ್ಲಿ. ಟೀಕೆಗಳು ಎದ್ದಾಗ ಡಿವಿಟ್ ಕೊಟ್ಟ ಸಮರ್ಥನೆಯ ತಿರುಳು, ಈತನ ವಯಸ್ಸು ಮೂವತ್ತಾದರೂ ದೇಹ ಮೂವತ್ತರ ತಾರುಣ್ಯದ್ದಲ್ಲ ಎಂಬುದು. ಆ ದೇಹ ಆಗಷ್ಟೇ ಮುಗಿದ ಋತುವಿನಲ್ಲಿ 33 ಹೋಮ್ ರನ್ ಹೊಡೆದು, 113 ರನ್ ಮನೆ ಸೇರಿಸಿತ್ತು. ಮುಪ್ಪಿನ ಗುರುತು ಅಂಕಿಅಂಶಗಳಲ್ಲಿ ಎಲ್ಲಿಯೂ ಇರಲಿಲ್ಲ. ವಯಸ್ಸಲ್ಲದೆ ಬೇರೆ ಲೆಕ್ಕವೂ ಇದ್ದೀತು. 1961ರ ಆರಂಭದಲ್ಲಿ ಬಂದೂಕು ಇಟ್ಟುಕೊಂಡ ಪ್ರಕರಣದಲ್ಲಿ ರಾಬಿನ್ಸನ್ ಬಂಧನಕ್ಕೊಳಗಾಗಿದ್ದರು. ನೇರ ಮಾತಿನ, ತಲೆಬಾಗದ ಕಪ್ಪು ಆಟಗಾರ ಅವರು. ಆ ದಿನಗಳ ಅಮೆರಿಕದಲ್ಲಿ ಅಂಥ ಸ್ವಭಾವಕ್ಕೆ ಬೇಗ ಅಪಖ್ಯಾತಿ ಅಂಟುತ್ತಿತ್ತು. ತಕ್ಕಡಿಯಲ್ಲಿ ಅದೂ ತೂಗಿತೆಂದೇ ನನ್ನ ನಂಬಿಕೆ.

ಇನ್ನೂ ಒಂದು ಸಂಗತಿಯುಂಟು, ಅದು ನನ್ನನ್ನು ಬಹಳ ಕಾಡುತ್ತದೆ. 1960ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡದ ಅಧ್ಯಕ್ಷರಾಗಿದ್ದವರು ಇದೇ ಡಿವಿಟ್. ಆಗ ಅವರು ತಮ್ಮ ತಂಡದ ಹಾರ್ವಿ ಕೀನ್‌ರನ್ನು ಕೊಟ್ಟು ಕ್ಲೀವ್‌ಲೆಂಡ್‌ನಿಂದ ರಾಕಿ ಕೊಲವಿಟೊ ಎಂಬ ಬಲಿಷ್ಠ ದಾಂಡಿಗನನ್ನು ತಂದಿದ್ದರು. ಕೀನ್ ಹಿಂದಿನ ವರ್ಷ ಬ್ಯಾಟಿಂಗ್ ಸರಾಸರಿಯಲ್ಲಿ ಅಮೆರಿಕನ್ ಲೀಗಿಗೇ ಮೊದಲಿಗರು. ಕೊಲವಿಟೊ 42 ಹೋಮ್ ರನ್‌ಗಳ ಒಡೆಯ. ಆ ಕೊಳ್ಕೊಡೆಯಲ್ಲಿ ಲಾಭ ಡೆಟ್ರಾಯಿಟ್‌ಗೇ ಆಯಿತು. ಚೆಂಡನ್ನು ಬೇಲಿಯಾಚೆ ಕಳಿಸುವವನ ಬೆಲೆಯನ್ನು ಡಿವಿಟ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಬಾಲ್ಟಿಮೋರ್ ಕಡೆಯವರ ಜಾಣ್ಮೆ ಮೆಚ್ಚತಕ್ಕದ್ದು. ಕೊಡಲಿದ್ದ ಮೂವರಲ್ಲಿ ಇಬ್ಬರು ಅವರ ಕೈಸೇರಿ ಹೆಚ್ಚು ದಿನಗಳಾಗಿರಲಿಲ್ಲ. ಸಿಂಪ್ಸನ್ ಹಾಗೂ ಬಾಲ್ಡ್‌ಶುನ್ ಇಬ್ಬರನ್ನೂ ಅದೇ ಡಿಸೆಂಬರ್‌ನಲ್ಲಿ ಬೇರೆ ತಂಡಗಳಿಂದ ಕೂಡಿಸಿಕೊಂಡಿದ್ದರು. ತಂಡದ ಪರ ಮಾತುಕತೆ ಹೂಡಿದವರು ಅದರ ಆಡಳಿತಗಾರ ಲೀ ಮ್ಯಾಕ್‌ಫೇಲ್. ಅವರು ಬೇಸ್‌ಬಾಲ್ ಕಮಿಷನರ್ ಕಚೇರಿಗೆ ಹೊರಟುಹೋದ ಮೇಲೆ ಅದನ್ನು ಪೂರೈಸಿದವರು ಹ್ಯಾರಿ ಡಾಲ್ಟನ್. ಹಿಂದಿನ ಋತುವಿನಲ್ಲಿ 94 ಪಂದ್ಯ ಗೆದ್ದಿದ್ದ ತಂಡ ಅದು. ಬ್ರೂಕ್ಸ್ ರಾಬಿನ್ಸನ್, ಬೂಗ್ ಪವೆಲ್, ಇನ್ನೂ ಇಪ್ಪತ್ತರ ಆಸುಪಾಸಿನ ಜಿಮ್ ಪಾಮರ್ ಇದ್ದ ಮನೆಗೆ ಬೇಕಿದ್ದದ್ದು ಒಬ್ಬ ಯಜಮಾನ ಮಾತ್ರ.

ಆದರೆ ಬಾಲ್ಟಿಮೋರ್ ಊರು ಫ್ರಾಂಕ್ ರಾಬಿನ್ಸನ್‌ರನ್ನು ತೆರೆದ ಬಾಗಿಲಿನಿಂದ ಬರಮಾಡಿಕೊಳ್ಳಲಿಲ್ಲ. ಬಂದ ಕುಟುಂಬದ ಬಣ್ಣ ತಿಳಿದೊಡನೆ ಬಾಡಿಗೆ ಮನೆ ನಿರಾಕರಿಸಿದರು. ಮೈದಾನದಲ್ಲಿ ಉತ್ತರ ಸಿಕ್ಕಿತು. 1966ರ ಮೇ 8ರಂದು, ಕ್ಲೀವ್‌ಲೆಂಡ್‌ನ ಲೂಯಿಸ್ ಟಿಯಾಂಟ್ ಎಸೆದ ಚೆಂಡು ರಾಬಿನ್ಸನ್‌ರ ಬ್ಯಾಟಿಗೆ ತಾಗಿ ಎಡಗಡೆಯ ಪ್ರೇಕ್ಷಕರ ಸಾಲುಗಳನ್ನೆಲ್ಲ ದಾಟಿ ಮೆಮೋರಿಯಲ್ ಸ್ಟೇಡಿಯಂನಿಂದಲೇ ಹೊರಬಿತ್ತು. ಆ ಕ್ರೀಡಾಂಗಣದ ಆಯುಷ್ಯದುದ್ದಕ್ಕೂ ಹಾಗೆ ಪೂರ್ತಿ ಹೊರಗೆ ಹೋದ ಹೋಮ್ ರನ್ ಇನ್ನೊಂದಿಲ್ಲ. ಚೆಂಡು ದಾಟಿದ ಜಾಗದಲ್ಲಿ, ‘ಇಲ್ಲಿ’ ಎಂಬ ಅರ್ಥದ ಒಂದೇ ಪದ ಬರೆದ ಬಾವುಟವನ್ನು ಏರಿಸಿದರು.

ಆ ವರ್ಷ ಅವರ ಸರಾಸರಿ 0.316, ಹೋಮ್ ರನ್ 49, ಮನೆ ಸೇರಿಸಿದ ರನ್ 122. ಮೂರರಲ್ಲೂ ಅಮೆರಿಕನ್ ಲೀಗಿಗೆ ಮೊದಲಿಗರು. ಇದನ್ನೇ ಅಲ್ಲಿ ಟ್ರಿಪಲ್ ಕ್ರೌನ್ ಎನ್ನುತ್ತಾರೆ. ಎರಡೂ ಲೀಗುಗಳಲ್ಲಿ ಅತ್ಯಮೂಲ್ಯ ಆಟಗಾರನೆನಿಸಿದ ಮೊದಲಿಗರೂ ಅವರೇ. ಎರಡೂ ಲೀಗುಗಳ ವಿಜೇತರು ಸೆಣಸುವ ಅಕ್ಟೋಬರ್‌ನ ವರ್ಲ್ಡ್ ಸೀರೀಸ್‌ನಲ್ಲಿ ಬಲಾಢ್ಯ ಡಾಡ್ಜರ್ಸ್ ತಂಡವನ್ನು ಓರಿಯೋಲ್ಸ್ ನಾಲ್ಕಕ್ಕೆ ನಾಲ್ಕೂ ಪಂದ್ಯಗಳಲ್ಲಿ ಸೋಲಿಸಿತು. ಕೊನೆಯ ಪಂದ್ಯದ ಅಂತರ 1-0. ಆ ಒಂದು ರನ್ ಡಾನ್ ಡ್ರೈಸ್‌ಡೇಲ್ ಎಸೆತಕ್ಕೆ ಫ್ರಾಂಕ್ ಬಾರಿಸಿದ ಹೋಮ್ ರನ್.

ಅತ್ತ ಸಿನ್ಸಿನಾಟಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಪಾಪಸ್ 12 ಗೆದ್ದು 11 ಸೋತರು, ಬಾಲ್ಡ್‌ಶುನ್ ಗೆದ್ದದ್ದು ಒಂದೇ ಪಂದ್ಯ, ಸಿಂಪ್ಸನ್ ಹೊಡೆದದ್ದು ನಾಲ್ಕು ಹೋಮ್ ರನ್. ಡಿವಿಟ್ ಅಲ್ಪಕಾಲದಲ್ಲೇ ತಂಡವನ್ನು ಮಾರಿದರು. 1968ರಲ್ಲಿ ಪಾಪಸ್‌ರನ್ನು ಅಟ್ಲಾಂಟಾಕ್ಕೆ ಕಳಿಸಿದಾಗ ಬಂದವರಲ್ಲಿ ಕ್ಲೇ ಕ್ಯಾರೊಲ್ ಒಬ್ಬರು. ಮುಂದೆ ರೆಡ್ಸ್ ಕಟ್ಟಿದ ಪ್ರಚಂಡ ತಂಡಕ್ಕೆ ಈ ಪಿಚರ್ ಆಸರೆಯಾದದ್ದು ನಿಜ. ಈ ವ್ಯಾಪಾರದ ಖಾತೆಯಲ್ಲಿ ಸಿನ್ಸಿನಾಟಿಯ ಕಡೆ ಬರೆಯಬಹುದಾದ ಜಮೆ ಅದೊಂದು.

ಫಲ ಕಂಡ ಮೇಲೆ ತೀರ್ಪು ಹೇಳುವುದು ಸುಲಭವೆಂದು ಕೆಲವರು ಡಿವಿಟ್ ಪರ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. 49 ಹೋಮ್ ರನ್ ಯಾರ ಕಣ್ಣಿಗೂ ಮೊದಲೇ ಕಾಣುತ್ತಿರಲಿಲ್ಲ. ಆದರೆ 33 ಎಲ್ಲರ ಮುಂದಿತ್ತು. ಆರು ವರ್ಷಗಳಲ್ಲಿ ರಾಬಿನ್ಸನ್ ಬಾಲ್ಟಿಮೋರ್‌ಗೆ 179 ಹೋಮ್ ರನ್, ನಾಲ್ಕು ಲೀಗ್ ಪಟ್ಟ, ಎರಡು ವಿಶ್ವ ಪಟ್ಟ ತಂದರು. ಎರಡನೆಯದನ್ನು 1970ರಲ್ಲಿ ಗೆದ್ದದ್ದು ಸಿನ್ಸಿನಾಟಿಯ ಎದುರೇ. 1975ರಲ್ಲಿ ಕ್ಲೀವ್‌ಲೆಂಡ್ ತಂಡದ ಮ್ಯಾನೇಜರ್ ಆಗಿ, ಮೇಜರ್ ಲೀಗಿನಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ವರ್ಣೀಯರೆನಿಸಿದರು. ಓರಿಯೋಲ್ಸ್ 1972ರಲ್ಲೇ ಅವರ 20ನೇ ಸಂಖ್ಯೆಯ ಅಂಗಿಯನ್ನು ಬೇರೆ ಯಾರೂ ತೊಡದಂತೆ ಗೌರವಕ್ಕಾಗಿ ಮೀಸಲಿಟ್ಟಿತು. ಸಿನ್ಸಿನಾಟಿ ರೆಡ್ಸ್ ಅದೇ ಗೌರವ ಸಲ್ಲಿಸಿದ್ದು 1998ರಲ್ಲಿ.