ಎರಡು ಮಿಲಿಮೀಟರಿನ ಇತಿಹಾಸ

ಟೆಲಿಫೋನ್ ವೈರಿನ ತುದಿಯ ಪ್ಲಗ್ಗಿಗೂ ನೆಟ್‌ವರ್ಕ್ ಕೇಬಲ್ಲಿನ ತುದಿಯ ಪ್ಲಗ್ಗಿಗೂ ಅಗಲದಲ್ಲಿ ಸುಮಾರು ಎರಡು ಮಿಲಿಮೀಟರ್ ವ್ಯತ್ಯಾಸ. ನೋಡಲು ಎರಡೂ ಅಣ್ಣತಮ್ಮಂದಿರಂತೆ: ಪಾರದರ್ಶಕ ಪ್ಲಾಸ್ಟಿಕ್, ಒತ್ತಿದರೆ ಟಿಕ್ ಎನ್ನುವ ನಾಲಿಗೆ. ಚಿಕ್ಕದು ಆರ್‌ಜೆ-11, ದೊಡ್ಡದನ್ನು ಎಲ್ಲರೂ ಆರ್‌ಜೆ-45 ಎನ್ನುತ್ತಾರೆ. ಮನೆಯಲ್ಲಿ ಇಂಟರ್ನೆಟ್ ಹಾಕಿಸುವಾಗ ಒಂದು ಪೆಟ್ಟಿಗೆಗೆ ಚಿಕ್ಕ ಕಿಂಡಿ ಮಾತ್ರ, ಇನ್ನೊಂದಕ್ಕೆ ದೊಡ್ಡದು ಮಾತ್ರ ಇದ್ದಾಗ ಉಂಟಾಗುವ ತಲೆನೋವು ಹಲವರಿಗೆ ಗೊತ್ತು. ಅದನ್ನು ತಾಂತ್ರಿಕ ತೊಂದರೆ ಎಂದು ಬಿಟ್ಟುಬಿಡುತ್ತೇವೆ. ನನಗೆ ಮಾತ್ರ ಅದು ತಂತಿಯ ತುದಿ ಯಾರದು ಎಂಬ ಹಳೆಯ ಜಗಳದ ಗುರುತಿನಂತೆ ಕಾಣುತ್ತದೆ.

ಜಗಳ ನಡೆದದ್ದು ಅಮೆರಿಕದಲ್ಲಿ. ಅಲ್ಲಿನ ಬೆಲ್ ದೂರವಾಣಿ ವ್ಯವಸ್ಥೆಯಲ್ಲಿ ತಂತಿ, ಫೋನು, ಗೋಡೆಯ ಪೆಟ್ಟಿಗೆ ಎಲ್ಲವೂ ಕಂಪನಿಯವು. ಗ್ರಾಹಕರು ಅದಕ್ಕೆ ಬೇರೆ ಏನನ್ನೂ ಜೋಡಿಸುವಂತಿರಲಿಲ್ಲ. ಹಶ್-ಎ-ಫೋನ್ ಎಂಬ ಒಂದು ಬಟ್ಟಲಿತ್ತು. ಪಕ್ಕದವರಿಗೆ ಮಾತು ಕೇಳಿಸದಿರಲೆಂದು ಫೋನಿನ ಬಾಯಿಗೆ ಸಿಕ್ಕಿಸುವ ಬರೀ ಬಟ್ಟಲು, ಅದರಲ್ಲಿ ವಿದ್ಯುತ್ತೂ ಇಲ್ಲ, ತಂತಿಯೂ ಇಲ್ಲ. ಕಂಪನಿ ಅದನ್ನೂ ಒಪ್ಪಲಿಲ್ಲ. ಬಟ್ಟಲಿನವರು ನ್ಯಾಯಾಲಯದಲ್ಲಿ ಗೆದ್ದದ್ದು 1956ರಲ್ಲಿ. ಆಮೇಲೆ ಟೆಕ್ಸಸ್‌ನ ಥಾಮಸ್ ಕಾರ್ಟರ್ ಬಂದ. ಟೆಲಿಫೋನಿನಿಂದ ದೂರ ಕೆಲಸ ಮಾಡುವವರ ರೇಡಿಯೋವನ್ನು ಫೋನಿಗೆ ಸೇರಿಸುವ ‘ಕಾರ್ಟರ್‌ಫೋನ್’ ಅವನದು. ರಿಸೀವರನ್ನು ತೊಟ್ಟಿಲಿನಂಥ ಅದರ ಕುಳಿಯಲ್ಲಿ ಮಲಗಿಸಿದರೆ ಸಾಕು. 1959ರಿಂದ 1966ರವರೆಗೆ ಸುಮಾರು 3,500 ಮಾರಿದ. ಕಂಪನಿ ತಡೆಯಿತು, ಇವನು ಮೊಕದ್ದಮೆ ಹೂಡಿದ. 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಕಾರ್ಟರ್‌ನ ಪರ ತೀರ್ಪು ಕೊಟ್ಟಿತು: ಜಾಲಕ್ಕೆ ಹಾನಿ ಮಾಡದ ಸಾಧನವನ್ನು ಗ್ರಾಹಕರು ಜೋಡಿಸಿಕೊಳ್ಳಬಹುದು.

ಮೋಡೆಮ್ ಎಂಬ ಪೆಟ್ಟಿಗೆ ಈ ಕಡೆಯ ಕೂಸು. ಅಂಕಿಗಳನ್ನು ದನಿಯಾಗಿಸಿ ಫೋನ್ ತಂತಿಯಲ್ಲಿ ಕಳಿಸುವುದು, ಆ ತುದಿಯಲ್ಲಿ ಮತ್ತೆ ಅಂಕಿಯಾಗಿಸುವುದು ಅದರ ಕೆಲಸ. 1962ರ ಬೆಲ್ 103 ಮೋಡೆಮ್ ಸೆಕೆಂಡಿಗೆ 300 ಬಿಟ್ ಕಳಿಸುತ್ತಿತ್ತು. ಬೇರೆಯವರು ಮಾಡಿದ ಮೋಡೆಮ್‌ಗಳಿಗೆ ತಂತಿಯನ್ನು ಮುಟ್ಟುವ ಹಕ್ಕಿರಲಿಲ್ಲವಾದ್ದರಿಂದ ಫೋನಿನ ರಿಸೀವರನ್ನು ಎರಡು ರಬ್ಬರ್ ಬಟ್ಟಲುಗಳಲ್ಲಿ ಒತ್ತಿ ಕೂರಿಸುತ್ತಿದ್ದರು. ಯಂತ್ರ ಫೋನಿನ ಕಿವಿಯಲ್ಲಿ ಕೂಗುತ್ತಿತ್ತು. ತೀರ್ಪಿನ ನಂತರವೂ ಕಂಪನಿ, ನಡುವೆ ತನ್ನದೇ ‘ರಕ್ಷಣಾ’ ಪೆಟ್ಟಿಗೆ ಇರಬೇಕೆಂದು ಹಠ ಹಿಡಿಯಿತು. 1970ರ ದಶಕದ ನಡುವಿನಲ್ಲಿ ಆಯೋಗ ಸಾಧನಗಳ ನೋಂದಣಿ ಪದ್ಧತಿ ತಂದಮೇಲೆ ಆ ಹಠ ಮುಗಿಯಿತು. ಆರ್‌ಜೆ ಎಂದರೆ ‘ರಿಜಿಸ್ಟರ್ಡ್ ಜ್ಯಾಕ್’, ನೋಂದಾಯಿತ ಕಿಂಡಿ. (ನೆಟ್‌ವರ್ಕ್ ಪ್ಲಗ್ಗಿಗೆ ಆರ್‌ಜೆ-45 ಎನ್ನುವುದು ಶಾಸ್ತ್ರಪ್ರಕಾರ ತಪ್ಪು. ಆದರೆ ಅಂಗಡಿಯಲ್ಲಿ ಸರಿಯಾದ ಹೆಸರು ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.)

ರೌಟರ್‌ನ ವಂಶವೇ ಬೇರೆ. 1969ರಲ್ಲಿ ಅರ್ಪಾನೆಟ್ಟಿಗೆ ಸೇರಿದ ಮೊದಲ ನಾಲ್ಕು ಸಂಸ್ಥೆಗಳಲ್ಲಿ ನಾಲ್ಕು ಬಗೆಯ ಕಂಪ್ಯೂಟರುಗಳಿದ್ದವು, ಒಂದರ ಭಾಷೆ ಇನ್ನೊಂದಕ್ಕೆ ಬರುತ್ತಿರಲಿಲ್ಲ. ದೊಡ್ಡ ಕಂಪ್ಯೂಟರುಗಳನ್ನು ಬದಲಿಸುವ ಬದಲು ಪ್ರತಿಯೊಂದರ ಮುಂದೆಯೂ ‘ಇಂಪ್’ ಎಂಬ ಒಂದೇ ಬಗೆಯ ಸಣ್ಣ ಯಂತ್ರ ನಿಲ್ಲಿಸಿದರು. ಇಂಪ್‌ಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳಲಿ, ಕಂಪ್ಯೂಟರು ತನ್ನ ಇಂಪ್‌ನೊಡನೆ ಮಾತಾಡಿದರೆ ಸಾಕು. ಅಂದರೆ ರೌಟರ್‌ನ ಮುತ್ತಜ್ಜ ಹುಟ್ಟಿದ್ದೇ ಹೊಂದಿಕೆಯಾಗದವುಗಳ ನಡುವೆ ನಿಲ್ಲುವುದಕ್ಕಾಗಿ.

2020ರ ಲಾಕ್‌ಡೌನಿನಲ್ಲಿ ನಾನು ಧಾರವಾಡದ ಬಾಡಿಗೆ ಕೋಣೆಯಲ್ಲಿದ್ದೆ. ಪಿಎಚ್.ಡಿ. ಪ್ರವೇಶದ ಸಂದರ್ಶನ ಆನ್‌ಲೈನ್ ಎಂದಾಯಿತು. ಕೋಣೆಯೊಳಗೆ ಮೊಬೈಲ್ ಸಿಗ್ನಲ್ ಒಂದು ಗೆರೆ ಬಂದರೆ ಹೆಚ್ಚು. ಮನೆ ಯಜಮಾನರ ಲ್ಯಾಂಡ್‌ಲೈನಿಗೆ ವೈಫೈ ಇಲ್ಲದ ಹಳೆಯ ಎಡಿಎಸ್ಎಲ್ ಮೋಡೆಮ್ ಇತ್ತು. “ಹಳೇದೈತಿ, ನಡದ್ರ ನಡಸ್ರಿ” ಅಂದರು. ಗೆಳೆಯನೊಬ್ಬ ಬಿಟ್ಟುಹೋಗಿದ್ದ ವೈಫೈ ರೌಟರಿಗೆ ಫೋನ್ ವೈರಿನ ಕಿಂಡಿಯೇ ಇರಲಿಲ್ಲ. ಅಂಗಡಿಗಳು ಮುಚ್ಚಿದ್ದವು. ಮೋಡೆಮ್ಮನ್ನು ಬರೀ ಸೇತುವೆಯಾಗಿಸಿ ಲಾಗಿನ್ ಕೆಲಸವನ್ನು ರೌಟರಿಗೆ ವಹಿಸುವುದು ವಾಡಿಕೆ. ಅದಕ್ಕೆ ಪಾಸ್‌ವರ್ಡ್ ಬೇಕು. ಮೋಡೆಮ್ಮಿನ ಪುಟದಲ್ಲಿ ಅದು ಎಂಟು ಚುಕ್ಕಿಗಳಾಗಿ ಮಾತ್ರ ಕಾಣುತ್ತಿತ್ತು, ಯಜಮಾನರಿಗೆ ನೆನಪಿಲ್ಲ. ಸಹಾಯವಾಣಿಯವರು “ಅದು ನಮ್ಮ ರೌಟರ್ ಅಲ್ಲ” ಎಂದು ಫೋನ್ ಇಟ್ಟರು. 1968ಕ್ಕೂ ಮುಂಚಿನ ಉತ್ತರ!

ಆ ಪಾಸ್‌ವರ್ಡಿಗೂ ಒಂದು ಕಥೆ ಇದೆ. ಸದಾ ತೆರೆದಿರುವ ಬ್ರಾಡ್‌ಬ್ಯಾಂಡಿಗೆ ಲಾಗಿನ್ ಏಕೆ? ಡಯಲ್-ಅಪ್ ಕಾಲದಲ್ಲಿ ಕಂಪನಿಗಳ ಲೆಕ್ಕಪತ್ರವೆಲ್ಲ, ಗ್ರಾಹಕ ಫೋನ್ ಹಚ್ಚಿ ಹೆಸರು ಹೇಳಿ ಒಳಬರುತ್ತಾನೆ ಎಂಬುದರ ಮೇಲೆ ನಿಂತಿತ್ತು. ಹೊಸ ಜಾಲದಲ್ಲಿ ‘ಗ್ರಾಹಕ’ ಎಂಬ ಕಲ್ಪನೆಯೇ ಇರಲಿಲ್ಲ. ಅದಕ್ಕಾಗಿ 1999ರಲ್ಲಿ ಪಿಪಿಪಿಓಇ ಎಂಬ ನಿಯಮಾವಳಿ ಬಂತು: ಫೋನ್ ಹಚ್ಚದೆಯೇ ಹಚ್ಚಿದಂತೆ ನಟಿಸುವುದು.

ಕೊನೆಗೆ ನಾನು ಉಲ್ಟಾ ದಾರಿ ಹಿಡಿದೆ. ಲಾಗಿನ್ ಮೋಡೆಮ್ಮಿನಲ್ಲೇ ಇರಲಿ. ಎರಡೂ ಪೆಟ್ಟಿಗೆಗಳ ವಿಳಾಸ 192.168.1.1 ಆಗಿತ್ತು, ಒಂದೇ ಓಣಿಯಲ್ಲಿ ಒಂದೇ ನಂಬರಿನ ಎರಡು ಮನೆಗಳಿದ್ದಂತೆ. ರೌಟರಿನದನ್ನು 192.168.1.2 ಮಾಡಿದೆ. ಉಳಿದ ಸಾಧನಗಳಿಗೆ ವಿಳಾಸ ಹಂಚುವ ಅದರ ಅಧಿಕಾರವನ್ನೂ (ಡಿಎಚ್‌ಸಿಪಿ) ಕಿತ್ತುಕೊಂಡೆ. ‘ಇಂಟರ್ನೆಟ್’ ಎಂದು ಬರೆದಿದ್ದ ನೀಲಿ ಕಿಂಡಿಯನ್ನು ಖಾಲಿ ಬಿಟ್ಟು ಕೇಬಲ್ಲನ್ನು ಪಕ್ಕದ ಹಳದಿ ಕಿಂಡಿಗೆ ಹಾಕಿದೆ. ರೌಟರ್ ತನ್ನ ರೌಟರ್‌ತನ ಬಿಟ್ಟುಕೊಟ್ಟು ಬರೀ ರೇಡಿಯೋ ಆಯಿತು. ಸಂದರ್ಶನ ಇಪ್ಪತ್ತು ನಿಮಿಷ ಎಲ್ಲೂ ತುಂಡಾಗದೆ ನಡೆಯಿತು.

ರೇಡಿಯೋ ಎಂದದ್ದು ಅಲಂಕಾರಕ್ಕಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಯ ಪ್ರಕಾರ ಭಾರತದಲ್ಲಿ ಪರವಾನಗಿ ಇಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಹಾಡು ಕೇಳುವ ರೇಡಿಯೋಗೂ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟಿದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ನಮ್ಮಲ್ಲಿ ಇಂಟರ್ನೆಟ್ ಸಾರ್ವಜನಿಕರಿಗೆ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ, ಮನೆಯೊಳಗೂ ಹೊರಗೂ, ಪರವಾನಗಿ ಬೇಡವೆಂಬ ನಿಯಮ ಬಂದದ್ದು 2005ರಲ್ಲಿ.

ಈಗ ಫೈಬರ್ ಬಂದು ಮೋಡೆಮ್, ರೌಟರ್, ರೇಡಿಯೋ ಮೂರೂ ಒಂದೇ ಪೆಟ್ಟಿಗೆ ಸೇರಿವೆ. ಹೊಂದಿಕೆಯ ತೊಂದರೆ ಇಲ್ಲ, ನಿಜ. ಆದರೆ ಪೆಟ್ಟಿಗೆ ಹೆಚ್ಚಾಗಿ ಕಂಪನಿಯದೇ, ಒಳಗಿನ ಕೆಲವು ಪುಟಗಳಿಗೆ ಬೀಗ. ಜರ್ಮನಿಯಲ್ಲಿ ಗ್ರಾಹಕರು ಈ ಬೀಗದ ವಿರುದ್ಧ ದನಿಯೆತ್ತಿ ತಮಗೆ ಬೇಕಾದ ರೌಟರ್ ಹಾಕಿಕೊಳ್ಳುವ ಹಕ್ಕನ್ನು ಕಾನೂನಿನಲ್ಲೇ ಪಡೆದರು. ಅದು ಜಾರಿಗೆ ಬಂದದ್ದು 2016ರ ಆಗಸ್ಟ್ 1ರಂದು, ಕಾರ್ಟರ್ ಗೆದ್ದು 48 ವರ್ಷಗಳಾದ ಮೇಲೆ.