ಏಳು ವರ್ಷ ಕಾದವರು

ಪ್ರಮೋಷನ್ ತಪ್ಪಿದಾಗಲೆಲ್ಲ ನಮ್ಮ ಚರ್ಚಿನಲ್ಲಿ ಯಾರಾದ್ರೂ ಹೇಳ್ತಾರೆ: "ದೇವರ ಸಮಯ ಬರಲಿ, ಕಾಯಪ್ಪ." ಆಗ ನನಗೆ ವಿಲಿಯಂ ಕೇರಿ ನೆನಪಾಗ್ತಾರೆ.

ಇಂಗ್ಲೆಂಡಿನಲ್ಲಿ ಬೂಟು ಹೊಲಿಯುತ್ತಿದ್ದ ಕೇರಿ, ಸುವಾರ್ತೆ ಸಾರಲೆಂದು 1793ರಲ್ಲಿ ಬಂಗಾಳಕ್ಕೆ ಬಂದರು. ಹೊಟ್ಟೆಪಾಡಿಗೆ ನೀಲಿ ಕಾರ್ಖಾನೆ ನೋಡಿಕೊಂಡರು. ಮರುವರ್ಷ ಪುಟ್ಟ ಮಗ ಪೀಟರ್ ತೀರಿಕೊಂಡ. ಹೆಂಡತಿ ಡೊರೊಥಿಯ ಮನಸ್ಸು ಕದಡಿತು. ಏಳು ವರ್ಷ ಒಬ್ಬ ಬಂಗಾಳಿಯೂ ದೀಕ್ಷಾಸ್ನಾನ ಪಡೆಯಲಿಲ್ಲ. ಆ ವರ್ಷಗಳಲ್ಲೇ ಕೇರಿ ಬಂಗಾಳಿ ಕಲಿತು ಹೊಸ ಒಡಂಬಡಿಕೆಯನ್ನು ಅನುವಾದಿಸಿದರು.

1800ರ ಡಿಸೆಂಬರಿನಲ್ಲಿ ಬಡಗಿ ಕೃಷ್ಣಪಾಲ್ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದ. ಮರುವರ್ಷವೇ ಆ ಪುಸ್ತಕ ಅಚ್ಚಾಗಿ ಬಂತು. ಅವನು ಮೊದಲೇ ಬಂದಿದ್ದರೆ ಕೈಗೆ ಕೊಡೋಕೆ ಏನಿತ್ತು?

ಕಾಯೋದು ಅಂದ್ರೆ ಸುಮ್ಮನೆ ಕೂರೋದಲ್ಲ ಅಂತ ಇದರಿಂದ ಕಲಿತೆ. ಆದರೆ "ಎಲ್ಲಾ ದೇವರ ಸಮಯ" ಅಂತ ಡೊರೊಥಿಗೆ ಹೇಳೋ ಧೈರ್ಯ ಮಾತ್ರ ನನಗಿಲ್ಲ.